ಎಸ್‌ಜಿಪಿಟಿ 38: ನಾನು ‘ನಾರ್ಮಲ್’ ಎಂದು ಬರೆದು ಕಳಿಸಿದ ಹುಡುಗ

2019ರ ಬೇಸಿಗೆಯಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಹನ್ನೊಂದು ವರ್ಷದ ಹುಡುಗನನ್ನು ಅವನ ಆಯಿ (ಅಜ್ಜಿ) ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಬಂದದ್ದು ಹೊಟ್ಟೆನೋವಿಗೆ. ತೂಕ 58 ಕಿಲೊ, ಎತ್ತರ 144 ಸೆಂ.ಮೀ. ಕುತ್ತಿಗೆಯ ಹಿಂಭಾಗದ ಚರ್ಮ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿತ್ತು. ಅದು ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಆಯಿ ಅದನ್ನು ಕೊಳೆ ಎಂದೇ ತಿಳಿದಿದ್ದರು. “ಜಳಕಾ ಮಾಡ್ಸುವಾಗ ಎಷ್ಟ್ ತಿಕ್ಕಿದ್ರೂ ಹೋಗವಲ್ದ್ರಿ ಸರ” ಎಂದರು. ನಾನು ರಕ್ತ ಪರೀಕ್ಷೆ ಬರೆದುಕೊಟ್ಟೆ. ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿ 38 ಬಂತು. ಪಕ್ಕದಲ್ಲಿ ‘45ರವರೆಗೆ’ ಎಂದು ಅಚ್ಚಾಗಿತ್ತು. ಚೀಟಿಯಲ್ಲಿ ‘ಲಿವರ್ ನಾರ್ಮಲ್’ ಎಂದು ಬರೆದು, ಜಂತಿನ ಗುಳಿಗೆ ಕೊಟ್ಟು, ತೂಕ ಇಳಿಸಿರಿ ಎಂದು ಹೇಳಿ ಕಳಿಸಿದೆ.

ಅದೇ ಹುಡುಗ 2021ರ ಆರಂಭದಲ್ಲಿ ಮತ್ತೆ ಬಂದ. ಶಾಲೆ ಮುಚ್ಚಿದ್ದ ಆ ತಿಂಗಳುಗಳನ್ನು ಮೊಬೈಲ್ ಮುಂದೆ ಕಳೆದಿದ್ದ ಅವನ ತೂಕ 79 ಕಿಲೊ ಆಗಿತ್ತು. ಎಸ್‌ಜಿಪಿಟಿ 96, ಅದರ ಜೊತೆಗೆ ನೋಡುವ ಇನ್ನೊಂದು ಕಿಣ್ವ ಎಸ್‌ಜಿಒಟಿ 61. ಹಳೆಯ ಚೀಟಿಯನ್ನು ಆಯಿ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದಿದ್ದರು. ನನ್ನದೇ ಕೈಬರಹದ ‘ನಾರ್ಮಲ್’ ಎಂಬ ಪದವನ್ನು ಅವರೆದುರೇ ಮತ್ತೊಮ್ಮೆ ಓದಬೇಕಾಯಿತು.

ತಪ್ಪು ಲ್ಯಾಬಿನದಲ್ಲ, ನನ್ನದು. ಲ್ಯಾಬು ಅಚ್ಚು ಹಾಕುವ ಮಿತಿ ಸಾಮಾನ್ಯವಾಗಿ ದೊಡ್ಡವರ ರಕ್ತದಿಂದ ಬಂದದ್ದು, ಮತ್ತು ಆ ದೊಡ್ಡವರಲ್ಲಿ ಈ ಹುಡುಗನಂತೆಯೇ ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು ಸೇರುವ ಕಾಯಿಲೆ) ಇದ್ದೂ ಗೊತ್ತಿಲ್ಲದವರು ಎಷ್ಟೋ ಮಂದಿ ಸೇರಿಕೊಂಡಿರುವುದರಿಂದ ಮಿತಿಯೇ ಮೇಲಕ್ಕೆ ಸರಿದಿರುತ್ತದೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೂಕ ಹೆಚ್ಚಿರುವ ಮಕ್ಕಳನ್ನೂ ಲಿವರ್ ರೋಗವಿರುವವರನ್ನೂ ಬಿಟ್ಟು ಲೆಕ್ಕ ಹಾಕಿದಾಗ ಗಂಡುಮಕ್ಕಳಿಗೆ ಸುಮಾರು 26, ಹೆಣ್ಣುಮಕ್ಕಳಿಗೆ ಸುಮಾರು 22 ಯೂನಿಟ್ ಎಂಬ ಮೇಲ್ಮಿತಿ ಸಿಕ್ಕಿತು. ಉತ್ತರ ಅಮೆರಿಕದ ಮಕ್ಕಳ ಜಠರ-ಲಿವರ್ ತಜ್ಞರ ಸಂಘ 2017ರ ಮಾರ್ಗಸೂಚಿಯಲ್ಲಿ ಇದನ್ನೇ ಒಪ್ಪಿಕೊಂಡಿದೆ. ಆ ಲೆಕ್ಕದಲ್ಲಿ ನನ್ನ ಹುಡುಗನ 38 ಎಂಬುದು ಮಿತಿಯ ಒಂದೂವರೆ ಪಟ್ಟು. ಮಾರ್ಗಸೂಚಿ ಬಂದು ಎರಡು ವರ್ಷವಾಗಿದ್ದರೂ ನಾನು ಅದನ್ನು ಓದಿರಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಬೆಳವಣಿಗೆ ಪಟ್ಟಿಯಲ್ಲಿ ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 27ಕ್ಕೆ ಸಮನಾದ ಬೊಜ್ಜಿನ ಗೆರೆಯನ್ನು ದಾಟಿದ ಮಗುವಿಗೆ ಒಂಬತ್ತರಿಂದ ಹನ್ನೊಂದು ವರ್ಷದೊಳಗೆ ಒಮ್ಮೆ ಎಸ್‌ಜಿಪಿಟಿ ಮಾಡಿಸುತ್ತೇನೆ. 23ಕ್ಕೆ ಸಮನಾದ ಅಧಿಕ ತೂಕದ ಗೆರೆ ಮಾತ್ರ ದಾಟಿದ್ದರೆ, ಕುತ್ತಿಗೆ ಕಪ್ಪಾಗಿದ್ದಾಗ ಅಥವಾ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದಾಗ ಮಾಡಿಸುತ್ತೇನೆ. ಮಿತಿ ಮೀರಿದ್ದರೆ ಕೂಡಲೇ ರೋಗದ ಹೆಸರು ಹೇಳುವುದಿಲ್ಲ. ಸಾಮಾನ್ಯವಾಗಿ ಮೂರು ತಿಂಗಳಿಗೆ ಮತ್ತೆ ನೋಡುತ್ತೇನೆ. ಆಗಲೂ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಕಾರಣ ಹುಡುಕಲೇಬೇಕು. 80 ದಾಟಿದ್ದರಂತೂ ಮೂರು ತಿಂಗಳು ಕಾಯುವ ಮಾತೇ ಇಲ್ಲ.

ಹೇಳಲು ಸುಲಭವಾದ ಈ ಕ್ರಮ ನಡೆಸುವಾಗ ಕೈಕೊಡುವುದು ಸಣ್ಣ ಕಾರಣಗಳಿಗೆ. ಒಮ್ಮೆ ಒಂದು ತಾಲ್ಲೂಕಿನ ಸ್ಯಾಂಪಲ್ ಸೆಂಟರಿನಲ್ಲಿ ತೆಗೆದ ರಕ್ತ ಮೇ ತಿಂಗಳ ಬಿಸಿಲಿನಲ್ಲಿ, ಸೀರಮ್ (ರಕ್ತದ ಹಳದಿ ತಿಳಿ) ಬೇರ್ಪಡಿಸದೆ, ಬಸ್ಸಿನಲ್ಲಿ ಕಲಬುರಗಿಗೆ ಬಂತು. ಎಸ್‌ಜಿಒಟಿ 112, ಎಸ್‌ಜಿಪಿಟಿ 34, ಪೊಟ್ಯಾಸಿಯಮ್ 6.4. ಮಗು ಮಾತ್ರ ನನ್ನ ಮುಂದೆ ಚೆನ್ನಾಗಿ ಆಡಿಕೊಂಡಿತ್ತು. ಲ್ಯಾಬಿಗೆ ಫೋನ್ ಮಾಡಿ ಸೀರಮ್ಮಿನ ಬಣ್ಣ ಕೇಳಿದೆ. “ಕೆಂಪಗಿತ್ರಿ ಸರ” ಎಂದರು. ಕೆಂಪು ರಕ್ತಕಣಗಳು ಒಡೆದಾಗ ಅವುಗಳೊಳಗಿನ ಎಸ್‌ಜಿಒಟಿಯೂ ಪೊಟ್ಯಾಸಿಯಮ್ಮೂ ಹೊರಬರುತ್ತವೆ, ಎಸ್‌ಜಿಪಿಟಿ ಅಷ್ಟಾಗಿ ಏರುವುದಿಲ್ಲ. ಮರುದಿನ ನಮ್ಮಲ್ಲೇ ರಕ್ತ ತೆಗೆಸಿದಾಗ ಎಸ್‌ಜಿಒಟಿ 31 ಆಗಿತ್ತು. ಡೆಂಗಿ ಮತ್ತು ವೈರಲ್ ಜ್ವರಗಳ ಹಂಗಾಮಿನಲ್ಲೂ ಇದೇ ಎಚ್ಚರಿಕೆ ಬೇಕು: ಜ್ವರ ಬಂದು ಹೋದ ಮಗುವಿಗೆ ಕೆಲವು ವಾರ ಕಳೆಯುವ ತನಕ ಫ್ಯಾಟಿ ಲಿವರಿಗಾಗಿ ರಕ್ತ ತೆಗೆಸುವುದಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಸೇಡಂ ಕಡೆಯ ಎಂಟು ವರ್ಷದ ದಪ್ಪ ಹುಡುಗನನ್ನು ‘ಫ್ಯಾಟಿ ಲಿವರ್’ ಎಂಬ ಚೀಟಿಯೊಂದಿಗೆ ಕಳಿಸಿದ್ದರು. ಎಸ್‌ಜಿಪಿಟಿ 210, ಎಸ್‌ಜಿಒಟಿ 180. ಆದರೆ ಲಿವರಿನ ಮತ್ತೊಂದು ಕಿಣ್ವವಾದ ಜಿಜಿಟಿ ಪೂರ್ತಿ ಸರಿಯಾಗಿತ್ತು. ಜಿಜಿಟಿ ಸ್ನಾಯುವಿನಿಂದ ಬರುವ ಕಿಣ್ವವಲ್ಲ, ಉಳಿದೆರಡು ಸ್ನಾಯುವಿನಲ್ಲೂ ಇರುತ್ತವೆ. ಹುಡುಗನನ್ನು ನೆಲದ ಮೇಲೆ ಕೂರಿಸಿ ಏಳು ಎಂದೆ. ಅವನು ಮೊದಲು ಅಂಗೈ ನೆಲಕ್ಕೂರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ, ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಎದ್ದ. ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಸಿಪಿಕೆ ಒಂಬತ್ತು ಸಾವಿರ ದಾಟಿತ್ತು. ಅದು ಸ್ನಾಯು ಕ್ಷಯಿಸುವ ಕಾಯಿಲೆ. ಲಿವರಿಗೆ ಸಂಬಂಧವೇ ಇರಲಿಲ್ಲ. ಹಾಗಾಗಿ ಎರಡೂ ಕಿಣ್ವಗಳು ಏರಿರುವ ಮಗುವನ್ನು, ಅದರಲ್ಲೂ ಗಂಡುಮಗುವನ್ನು, ಈಗ ನೆಲದಿಂದ ಎಬ್ಬಿಸಿ ನೋಡದೆ ಬಿಡುವುದಿಲ್ಲ. ಅದಕ್ಕೆ ಖರ್ಚೂ ಇಲ್ಲ.

ಬೊಜ್ಜಿದೆ, ಎಸ್‌ಜಿಪಿಟಿ ಹೆಚ್ಚಿದೆ, ಆದ್ದರಿಂದ ಫ್ಯಾಟಿ ಲಿವರ್ ಎಂದು ಮುಗಿಸಿಬಿಡುವ ಆತುರ ನಮ್ಮ ಭಾಗದಲ್ಲಿ ಇನ್ನೊಂದು ಕಾರಣಕ್ಕೂ ಅಪಾಯಕಾರಿ. ಇಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ರೂಢಿ. ತಾಮ್ರವು ಲಿವರಿನಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆ ತಂದೆ-ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಕಾಣಿಸಿಕೊಳ್ಳುವಂಥದ್ದು, ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು, ಮತ್ತು ಆರಂಭದಲ್ಲಿ ಅದು ಸ್ಕ್ಯಾನಿನಲ್ಲೂ ಬಯಾಪ್ಸಿಯಲ್ಲೂ ಫ್ಯಾಟಿ ಲಿವರಿನ ವೇಷದಲ್ಲೇ ಇರಬಲ್ಲದು. ವಿಲ್ಸನ್‌ಗೆ ಔಷಧವಿದೆ, ತಡವಾದರೆ ಜೀವಕ್ಕೆ ಕುತ್ತು. ಆದ್ದರಿಂದ ರಕ್ತದಲ್ಲಿ ತಾಮ್ರವನ್ನು ಒಯ್ಯುವ ಪ್ರೋಟೀನ್ ಆದ ಸೆರುಲೋಪ್ಲಾಸ್ಮಿನ್ ಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತೇನೆ, 20 ಮಿ.ಗ್ರಾಂ.ಗಿಂತ ಕಡಿಮೆ ಬಂದರೆ 24 ತಾಸಿನ ಮೂತ್ರದಲ್ಲಿ ತಾಮ್ರ ಅಳೆಸಿ, ಕಣ್ಣಿನ ತಜ್ಞರಿಗೆ ತೋರಿಸುತ್ತೇನೆ. ಹೆಪಟೈಟಿಸ್ ಬಿ ಮತ್ತು ಸಿ, ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ), ಸ್ವಯಂನಿರೋಧಕ ಹೆಪಟೈಟಿಸ್‌ನ ಪರೀಕ್ಷೆಗಳು ಇದರ ಜೊತೆಗಿರುತ್ತವೆ. ಮಗು ಸ್ಟಿರಾಯ್ಡ್ ಅಥವಾ ಫಿಟ್ಸಿನ ವಾಲ್‌ಪ್ರೊಯೇಟ್ ನುಂಗುತ್ತಿದೆಯೇ ಎಂಬುದನ್ನು ಬಾಯಿಬಿಟ್ಟು ಕೇಳಬೇಕು, ತಾವಾಗಿ ಯಾರೂ ಹೇಳುವುದಿಲ್ಲ.

ಉಳಿದ ರಕ್ತಸೂಚಕಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬೆಳಗಿನ ಖಾಲಿಹೊಟ್ಟೆಯ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಮತ್ತು ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್). ಹತ್ತು ವರ್ಷ ಮೇಲ್ಪಟ್ಟ ಮಗುವಿಗೆ ಟ್ರೈಗ್ಲಿಸರೈಡ್ 130 ಆದರೆ ಅದು ಹೆಚ್ಚೇ. ಲ್ಯಾಬು ಇಲ್ಲಿಯೂ ದೊಡ್ಡವರ 150 ಎಂಬ ಗೆರೆಯನ್ನೇ ಅಚ್ಚು ಹಾಕುತ್ತದೆ. ಅಫಜಲಪುರದ ಹುಡುಗನಿಗೆ ಟ್ರೈಗ್ಲಿಸರೈಡ್ 186, ಎಚ್‌ಡಿಎಲ್ 34 ಇತ್ತು. ಇನ್ಸುಲಿನ್ ಪರೀಕ್ಷೆಯನ್ನು ಒಂದು ವರ್ಷ ಉತ್ಸಾಹದಿಂದ ಮಾಡಿಸಿ ಕೈಬಿಟ್ಟೆ. ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ಅದು ಆರೋಗ್ಯವಂತರಲ್ಲೂ ಏರುತ್ತದೆ, ಖರ್ಚೂ ಹೆಚ್ಚು, ಮತ್ತು ಕಪ್ಪು ಕುತ್ತಿಗೆ ಅದೇ ಸುದ್ದಿಯನ್ನು ಪುಕ್ಕಟೆ ಹೇಳುತ್ತದೆ. ಜೀವಕೋಶ ಸಾಯುವಾಗ ರಕ್ತಕ್ಕೆ ಬರುವ ಸೈಟೋಕೆರಾಟಿನ್-18ರ ತುಣುಕುಗಳ ಬಗ್ಗೆ ಬಹಳ ಸಂಶೋಧನೆ ನಡೆದಿದೆ, ಆದರೆ ದಿನನಿತ್ಯದ ಚಿಕಿತ್ಸೆಗೆ ಅದು ಇನ್ನೂ ಬಂದಿಲ್ಲ.

ಲಿವರಿನಲ್ಲಿ ಗಾಯದ ನಾರು ಕಟ್ಟಿದೆಯೇ ಎಂದು ಅಳೆಯುವ ‘ಫಿಬ್-4’ ಎಂಬ ಸೂತ್ರವನ್ನು ಮಕ್ಕಳಿಗೆ ಹಾಕಬಾರದು ಎಂಬುದನ್ನು ನಾನು ಕಾಗದದ ಮೇಲೆ ಲೆಕ್ಕ ಮಾಡಿಯೇ ಮನಗಂಡೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ (ಸಾವಿರಗಳ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ನನ್ನ ಹುಡುಗನ ವಯಸ್ಸು 13, ಪ್ಲೇಟ್‌ಲೆಟ್ 2.6 ಲಕ್ಷ, ಉತ್ತರ 0.31. ದೊಡ್ಡವರಲ್ಲಿ 1.3ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ ಎನ್ನುತ್ತಾರೆ. ಅವವೇ ಅಂಕಿಗಳು 56 ವರ್ಷದವರ ರಕ್ತದಲ್ಲಿ ಬಂದಿದ್ದರೆ ಉತ್ತರ 1.34 ಆಗಿ, ಮುಂದಿನ ತಪಾಸಣೆಗೆ ಕಳಿಸುತ್ತಿದ್ದೆವು. ಅಂದರೆ ಹುಡುಗನಿಗೆ ಅಭಯ ಕೊಟ್ಟದ್ದು ಅವನ ಲಿವರ್ ಅಲ್ಲ, ಅವನ ವಯಸ್ಸು.

ಸ್ಕ್ಯಾನಿಂಗ್ ಬಗ್ಗೆ ಒಂದೇ ಮಾತು: ಕೊಬ್ಬು ಸಾಕಷ್ಟು ಸೇರಿದ ಮೇಲಷ್ಟೇ ಅದು ಬೆಳ್ಳಗೆ ಕಾಣುತ್ತದೆ, ಉರಿಯೂತವನ್ನಂತೂ ತೋರಿಸುವುದಿಲ್ಲ. ‘ಗ್ರೇಡ್ 1’ ಎಂದು ಬಂದರೆ ಗಾಬರಿಯಾಗುವ, ಏನೂ ಇಲ್ಲವೆಂದು ಬಂದರೆ ನಿಶ್ಚಿಂತರಾಗುವ ಪಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಎಸ್‌ಜಿಪಿಟಿಗೂ ಇದೇ ದೌರ್ಬಲ್ಯವಿದೆ. ಅದು 20 ಇದ್ದ ಮಾತ್ರಕ್ಕೆ ಲಿವರಿನಲ್ಲಿ ಕೊಬ್ಬಿಲ್ಲ ಎಂದು ಹೇಳಲಾಗದು.

ಹುಡುಗನ ತಂದೆಗೆ ವಿಷಯ ತಿಳಿಸಿದಾಗ ಅವರು ಮೊದಲು ಹೇಳಿದ್ದು, “ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ರಿ ಸರ.” ಆಯಿಗೆ ಲಿವರ್ ಎಂದರೆ ಕಾಮಣಿ (ಕಾಮಾಲೆ), ಊರಿನ ಬೇರಿನ ಔಷಧ ಕೊಡಿಸಲೇ ಎಂದು ಕೇಳಿದರು. ಬೇಡ, ಅಂಥ ಔಷಧಗಳಿಂದಲೇ ಲಿವರ್ ಕೆಟ್ಟ ಮಕ್ಕಳನ್ನು ನೋಡಿದ್ದೇನೆ ಎಂದೆ. ಈ ಕಾಯಿಲೆಗೆಂದು ಮಕ್ಕಳಿಗೆ ಒಪ್ಪಿತವಾದ ಗುಳಿಗೆ ಇಲ್ಲ. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಆಗಲಿ ವಿಟಮಿನ್ ಇ ಆಗಲಿ ಎಸ್‌ಜಿಪಿಟಿಯನ್ನು ಸ್ಥಿರವಾಗಿ ಇಳಿಸುವುದರಲ್ಲಿ ಔಷಧವೇ ಇಲ್ಲದ ಹುಸಿ ಗುಳಿಗೆಯನ್ನು ಮೀರಿಸಲಿಲ್ಲ. ಊಟ-ತಿಂಡಿಯಲ್ಲಿ ಸಕ್ಕರೆಯನ್ನೇ ಬಿಡಿಸಿದ ಪ್ರಯೋಗ ಮಾತ್ರ ಬೇರೆ ಕಥೆ ಹೇಳಿತು: 2019ರಲ್ಲಿ ಪ್ರಕಟವಾದ ಅದರಲ್ಲಿ ಹದಿಹರೆಯದ ಹುಡುಗರ ಲಿವರಿನ ಕೊಬ್ಬು ಎಂಟೇ ವಾರಗಳಲ್ಲಿ ಶೇ 25ರಿಂದ ಶೇ 17ಕ್ಕೆ ಇಳಿದಿತ್ತು. ನಾವು ಕುಳಿತು ಲೆಕ್ಕ ಹಾಕಿದಾಗ ಹುಡುಗನಿಗೆ ದಿನಕ್ಕೆ ನಾಲ್ಕು ಕಪ್ ಚಹಾ, ಅದರಲ್ಲಿ ಅದ್ದಲು ಟೋಸ್ಟ್ ಮತ್ತು ಖಾರಿ, ಮಧ್ಯಾಹ್ನ ಹತ್ತು ರೂಪಾಯಿಯ ಕೂಲ್‌ಡ್ರಿಂಕ್ ಆಗುತ್ತಿತ್ತು. ರೊಟ್ಟಿ, ಪುಂಡಿಪಲ್ಯಗಳಲ್ಲಿ ತಪ್ಪೇನೂ ಇರಲಿಲ್ಲ. ಕೂಲ್‌ಡ್ರಿಂಕ್ ಪೂರ್ತಿ ನಿಂತಿತು. ಚಹಾ ಎರಡಕ್ಕೆ ಇಳಿಯಿತು, ಅದೂ ಜಗಳವಾಡಿ.

ಹೈದರಾಬಾದಿನ ತಜ್ಞರು ನೋಡಿ, ಉಳಿದ ಪರೀಕ್ಷೆಗಳೆಲ್ಲ ಸರಿಯಿದ್ದುದರಿಂದ ಬಯಾಪ್ಸಿಯನ್ನು ಸದ್ಯಕ್ಕೆ ಮುಂದೂಡಿದರು. ಒಂಬತ್ತು ತಿಂಗಳಲ್ಲಿ ಹುಡುಗ ಐದು ಸೆಂ.ಮೀ. ಬೆಳೆದ, ತೂಕ 77ಕ್ಕೆ ನಿಂತಿತು, ಎಸ್‌ಜಿಪಿಟಿ 41ಕ್ಕೆ ಬಂತು. ಲ್ಯಾಬಿನ ಕಾಗದದಲ್ಲಿ ಅದು ‘ನಾರ್ಮಲ್’. ನನ್ನ ಚೀಟಿಯಲ್ಲಿ ಈ ಬಾರಿ ಹಾಗೆ ಬರೆಯಲಿಲ್ಲ.

ಆ ದಿನ ಅವನ ಜೊತೆ ಒಂಬತ್ತು ವರ್ಷದ ತಂಗಿಯೂ ಬಂದಿದ್ದಳು, ಅಣ್ಣನಂತೆಯೇ ದುಂಡಗೆ. ಅವಳ ರಕ್ತವನ್ನೂ ಕಳಿಸಿದೆ. ಸಂಜೆ ವರದಿ ತಂದ ತಂದೆ, “ಇಪ್ಪತ್ನಾಕ್ ಅದರಿ, ನಾರ್ಮಲ್ ಅಂತ ಬರದಾರ” ಎಂದು ಸಂತೋಷದಿಂದ ಹೇಳಿದರು. ನಾನು ಅಚ್ಚಾದ 45ನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ 22 ಎಂದು ಬರೆದೆ, ಕೆಳಗೆ ಮೂರು ತಿಂಗಳ ಮುಂದಿನ ತಾರೀಖು ಹಾಕಿದೆ.