ತಾಳೆ ಎಣ್ಣೆಯ ಪ್ರಮಾಣಪತ್ರ: ಉಗ್ರಾಣದಲ್ಲಿ ನಡೆದ ಕೆಲಸ

ಬೆಳಗಾವಿ ಹತ್ತಿರದ ಹೊನಗಾ ಕೈಗಾರಿಕಾ ಪ್ರದೇಶದ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗ ನನ್ನ ಹೊಣೆ. ಯುರೋಪಿನ ಖರೀದಿದಾರರೊಬ್ಬರು ನಮ್ಮ ಬಿಸ್ಕತ್ತನ್ನು ಮೆಚ್ಚಿಕೊಂಡರು. ಆದರೆ ಅದರಲ್ಲಿರುವ ತಾಳೆ ಎಣ್ಣೆಗೆ, ಕಾಡಿಗೆ ಹಾನಿಯಾಗದಂತೆ ಬೆಳೆದದ್ದು ಎನ್ನುವ ಆರ್‌ಎಸ್‌ಪಿಒ ಪ್ರಮಾಣಪತ್ರ ಇದ್ದರೆ ಮಾತ್ರ ಆರ್ಡರ್ ಎಂದರು. ಕಚೇರಿಯಲ್ಲಿ ಹಲವರಿಗೆ ಇದು ಫೈಲಿಗೆ ಸೇರಿಸಬೇಕಾದ ಮತ್ತೊಂದು ಕಾಗದ ಎನಿಸಿತು. ನನಗೆ ಹಾಗನ್ನಿಸಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಈ ಬೆಳೆಗಾಗಿ ಕಾಡು ಬೋಳಾಗಿದ್ದರೆ ಅದರಲ್ಲಿ ಕೊಳ್ಳುವವರಾದ ನಮ್ಮ ಪಾಲೂ ಇದೆ.

ಆರ್‌ಎಸ್‌ಪಿಒ (ರೌಂಡ್‌ಟೇಬಲ್ ಆನ್ ಸಸ್ಟೈನಬಲ್ ಪಾಮ್ ಆಯಿಲ್) ಎಂಬುದು ಬೆಳೆಗಾರರು, ಗಿರಣಿಗಳು, ವ್ಯಾಪಾರಿಗಳು, ಪರಿಸರ ಸಂಘಟನೆಗಳು ಸೇರಿ 2004ರಲ್ಲಿ ಕಟ್ಟಿದ ವೇದಿಕೆ. ತೋಟ ಮತ್ತು ಗಿರಣಿಗೆ ಅದರ ಒಂದು ಮಾನದಂಡವಿದೆ, ಅಲ್ಲಿಂದ ಮುಂದೆ ಎಣ್ಣೆ ಹಾದುಹೋಗುವ ಕೈಗಳಿಗೆ ಪೂರೈಕೆ ಸರಪಳಿಯ ಇನ್ನೊಂದು ಮಾನದಂಡವಿದೆ. ನಮ್ಮದು ಎರಡನೆಯದು. ಅದರಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಯಾವ ಮಾದರಿ ಎಂಬುದನ್ನು. ಒಂದೇ ಗಿರಣಿಯ ಎಣ್ಣೆಯನ್ನು ಕೊನೆಯವರೆಗೂ ಬೇರೆಯಾಗಿಯೇ ತರುವುದು ಒಂದು. ಹಲವು ಪ್ರಮಾಣಿತ, ಅಂದರೆ ಪ್ರಮಾಣಪತ್ರ ಪಡೆದ, ಗಿರಣಿಗಳ ಎಣ್ಣೆಯನ್ನು ಸೇರಿಸಿದರೂ ಸಾಮಾನ್ಯ ಎಣ್ಣೆ ತಾಗದಂತೆ ಕಾಯುವುದು ಇನ್ನೊಂದು. ಮೂರನೆಯದು ಮಾಸ್ ಬ್ಯಾಲೆನ್ಸ್: ಎರಡೂ ಬಗೆಯ ಎಣ್ಣೆ ಒಂದೇ ಟ್ಯಾಂಕಿನಲ್ಲಿ ಬೆರೆಯಬಹುದು, ಆದರೆ ಕೊಂಡ ಪ್ರಮಾಣಿತ ಎಣ್ಣೆಗಿಂತ ಹೆಚ್ಚನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ನಮ್ಮಲ್ಲಿ ಇರುವುದು ಒಂದೇ ಟ್ಯಾಂಕು. ಹಾಗಾಗಿ ಮೂರನೆಯದನ್ನೇ ಆರಿಸಿಕೊಂಡೆವು.

ಸಲಹೆಗಾರರು ಸಿದ್ಧ ಕಡತಗಳನ್ನು ಕೊಡುತ್ತಾರೆ. ಅವುಗಳಿಂದ ಅರ್ಧ ಕೆಲಸವೂ ಆಗುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನಾನು ಶುರು ಮಾಡಿದ್ದು ಪಾಕಪಟ್ಟಿಯಿಂದ. ತಾಳೆ ಎಣ್ಣೆಯ ದ್ರವ ಭಾಗವಾದ ಪಾಮೋಲಿನ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೇಕರಿ ಫ್ಯಾಟ್‌ನಲ್ಲಿ ತಾಳೆಯ ಜೊತೆ ಬೇರೆ ಎಣ್ಣೆಗಳೂ ಇರುತ್ತವೆ. ಅದರಲ್ಲಿ ತಾಳೆಯ ಪಾಲು ಶೇಕಡಾ 70 ಎಂದಿಟ್ಟುಕೊಂಡರೆ, 10 ಟನ್ ಪ್ರಮಾಣಿತ ಫ್ಯಾಟ್ ಬಂದಾಗ ಪ್ರಮಾಣಿತ ಎಣ್ಣೆಯ ಖಾತೆಗೆ ಜಮೆಯಾಗುವುದು 7 ಟನ್ ಮಾತ್ರ. ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುವುದು ಎಮಲ್ಸಿಫೈಯರ್. ಹಿಟ್ಟು ಹದವಾಗಲು ಚಿಟಿಕೆಯಷ್ಟು ಹಾಕುವ ಆ ಬಿಳಿ ಪುಡಿಯೂ ಬಹಳಷ್ಟು ಸಲ ತಾಳೆಯಿಂದಲೇ ತಯಾರಾಗಿರುತ್ತದೆ. ಪೊಟ್ಟಣದ ಮೇಲೆ ಆರ್‌ಎಸ್‌ಪಿಒ ಗುರುತು ಹಾಕಬೇಕಾದರೆ ಉತ್ಪನ್ನದಲ್ಲಿರುವ ತಾಳೆ ಅಂಶದಲ್ಲಿ ಕನಿಷ್ಠ ಶೇಕಡಾ 95 ಪ್ರಮಾಣಿತವಾಗಿರಬೇಕು. ಆದ್ದರಿಂದ ಪೂರೈಕೆದಾರರಿಂದ ಪ್ರತಿಯೊಂದು ಪದಾರ್ಥದ ಮೂಲವನ್ನೂ ಬರಹದಲ್ಲಿ ಪಡೆದೆ.

ನಿಜವಾದ ಕೆಲಸ ಇರುವುದು ಉಗ್ರಾಣದಲ್ಲಿ. ಟ್ಯಾಂಕರ್ ಗೇಟಿಗೆ ಬಂದಾಗ ಎಣ್ಣೆಯನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಪ್ರಮಾಣಿತ ಪಾಮೋಲಿನ್ ಮತ್ತು ಸಾಮಾನ್ಯ ಪಾಮೋಲಿನ್ ಎರಡಕ್ಕೂ ಅದೇ ಬಣ್ಣ, ಅದೇ ವಾಸನೆ. ವ್ಯತ್ಯಾಸ ಇರುವುದು ಬಿಲ್ಲಿನಲ್ಲಿ. ಮಾರಿದವರ ಮತ್ತು ಕೊಂಡವರ ಹೆಸರು, ವಿಳಾಸ, ತೂಕ, ದಿನಾಂಕಗಳು, ಮಾರಿದವರ ಪ್ರಮಾಣಪತ್ರದ ಸಂಖ್ಯೆ, ಪದಾರ್ಥದ ಹೆಸರಿನ ಜೊತೆಗೇ ಮಾದರಿಯ ಗುರುತು ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಎಣ್ಣೆ ಸಾಮಾನ್ಯ ಎಣ್ಣೆಯ ಲೆಕ್ಕಕ್ಕೆ ಹೋಗಬೇಕು. ಬಿಲ್ಲಿನ ಒಂದು ಪ್ರತಿಯನ್ನು ದೊಡ್ಡದು ಮಾಡಿಸಿ, ನೋಡಬೇಕಾದ ಕಡೆಗಳಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಕನ್ನಡ ಮತ್ತು ಮರಾಠಿಯಲ್ಲಿ ವಿವರ ಬರೆದು ತೂಕದ ಕೋಣೆಯ ಗೋಡೆಗೆ ಅಂಟಿಸಿದೆ. ನಮ್ಮ ಹಮಾಲರಲ್ಲಿ, ಗೇಟಿನವರಲ್ಲಿ ಎರಡೂ ಭಾಷೆಯವರಿದ್ದಾರೆ.

ಖಾತೆ ಬರೆಯುವುದಕ್ಕೂ ಎರಡು ದಾರಿಗಳಿವೆ. ಮೂರು ತಿಂಗಳಿಗೊಮ್ಮೆ ಜಮೆ-ಖರ್ಚು ಸರಿದೂಗಿಸಬಹುದು, ಇಲ್ಲವೇ ಬಾಕಿ ಎಂದೂ ಸೊನ್ನೆಗಿಂತ ಕೆಳಗಿಳಿಯದಂತೆ ನಿತ್ಯವೂ ನೋಡಿಕೊಳ್ಳಬಹುದು. ನಾನು ಎರಡನೆಯದನ್ನೇ ಪಟ್ಟು ಹಿಡಿದು ಒಪ್ಪಿಸಿದೆ. ಮೂರು ತಿಂಗಳ ಸಲಿಗೆ ಇದ್ದರೆ ‘ಆಮೇಲೆ ತುಂಬಿಸೋಣ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಅದಕ್ಕೆ ಅವಕಾಶವೇ ಇರಬಾರದು.

ಪ್ರಮಾಣಪತ್ರಕ್ಕಾಗಿ ತಪಾಸಣೆ ಮಾಡುವ ಪರಿಶೋಧಕರು ಬಂದ ದಿನ ನನ್ನ ಮೇಜಿನ ಮೇಲಿದ್ದ ಕಡತಗಳನ್ನು ಬೇಗ ಬದಿಗಿಟ್ಟು ಗೋದಾಮಿಗೆ ನಡೆದರು. ಒಂದು ಪೆಟ್ಟಿಗೆಯನ್ನು ತೆರೆಸಿ, ಪೊಟ್ಟಣದ ಬ್ಯಾಚ್ ಸಂಖ್ಯೆಯನ್ನು ಓದಿ, ಇದಕ್ಕೆ ಬಳಸಿದ ಎಣ್ಣೆಯ ಬಿಲ್ಲು ತೋರಿಸಿ ಎಂದರು. ಉಗ್ರಾಣ ನೋಡಿಕೊಳ್ಳುವ ಅಕ್ಕ ಬ್ಯಾಚ್ ಹಾಳೆ ತೆಗೆದು, ಅಲ್ಲಿಂದ ಎಣ್ಣೆ ಇಳಿಸಿದ ದಿನದ ಪುಟಕ್ಕೆ ಹೋಗಿ, ಬಿಲ್ಲಿನ ಮೇಲೆ ಬೆರಳಿಟ್ಟು ತೋರಿಸಿದರು. ಪರಿಶೋಧಕರು ಅಲ್ಲಿಗೇ ನಿಲ್ಲಿಸಲಿಲ್ಲ.

“ಖಾತೆಯಲ್ಲಿ ಬಾಕಿ ಇಲ್ಲ, ಆದರೆ ಮಾರಾಟ ವಿಭಾಗದವರು ಇವತ್ತೇ ಲೋಡ್ ಹೋಗಬೇಕು ಅಂದರೆ?”

“ಲೋಡ್ ಹೋಗಲಿ ಸರ್. ಆದರೆ ಬಿಲ್ಲಿನ ಮೇಲೆ ಆರ್‌ಎಸ್‌ಪಿಒ ಹೆಸರು ಬರೆಯುವಂತಿಲ್ಲ. ಮಾಲಕರೇ ಬಂದು ಹೇಳಿದರೂ ಅಷ್ಟೇ.”

ಪ್ರಮಾಣಪತ್ರ ನಮಗೆ ಸಿಕ್ಕಿತು. ಅದರ ಅವಧಿ ಐದು ವರ್ಷ, ಪ್ರತಿ ವರ್ಷವೂ ತಪಾಸಣೆ ಇರುತ್ತದೆ. ಆ ಅಕ್ಕನಿಗೆ ಇದರ ಅರ್ಥ ಮನವರಿಕೆ ಆಗಿರದಿದ್ದರೆ ನನ್ನ ಯಾವ ಕಡತವೂ ನಮ್ಮನ್ನು ಕಾಯುತ್ತಿರಲಿಲ್ಲ.

ಮಾಸ್ ಬ್ಯಾಲೆನ್ಸ್‌ಗೆ ಮಿತಿ ಇದೆ. ಅದನ್ನು ಮುಚ್ಚಿಡಬಾರದು. ನಮ್ಮ ಬಿಸ್ಕತ್ತಿನೊಳಗಿನ ಎಣ್ಣೆ ಇಂಥ ತೋಟದ್ದೇ ಎಂದು ನಾನು ಹೇಳಲಾರೆ. ಗುರುತಿನ ಜೊತೆ ‘ಮಿಶ್ರ’ ಎಂಬ ಅರ್ಥದ ಪದ ಇರುವುದೂ ಅದಕ್ಕಾಗಿಯೇ. ಬೇರೆ ಮಾದರಿಗಳಲ್ಲೂ ಕಷ್ಟದ ಕೊಂಡಿ ಇರುವುದು ತೋಟದ ಕಡೆಗೇ. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಗಿರಣಿಗೆ ಸಾಗಿಸದಿದ್ದರೆ ಎಣ್ಣೆಯ ಆಮ್ಲೀಯತೆ ಏರುತ್ತದೆ. ಹಾಗಾಗಿ ಗಿರಣಿ ಯಾವುದೆಂದು ತಿಳಿದರೆ ಹಣ್ಣು ಅದರ ಸುತ್ತಲಿನ ಸುಮಾರು 50 ಕಿಲೋಮೀಟರಿನೊಳಗಿನದು ಎಂದು ಅಂದಾಜಿಸುತ್ತಾರೆ. ಆ ವೃತ್ತದಲ್ಲಿ ಕಂಪನಿಗಳ ತೋಟಗಳೂ ಇವೆ, ನಾಲ್ಕಾರು ಎಕರೆಯ ಸಣ್ಣ ರೈತರೂ ಇದ್ದಾರೆ. ಅವರ ಹಣ್ಣು ದಲ್ಲಾಳಿಯ ಲಾರಿಯಲ್ಲಿ ಒಟ್ಟಾದ ಮೇಲೆ ಯಾವುದು ಯಾರದೆಂದು ಬಿಡಿಸಲು ಬರುವುದಿಲ್ಲ. ನಿಯಮ ಬಿಗಿಯಾದಷ್ಟೂ, ನಕ್ಷೆ-ದಾಖಲೆ ಮಾಡಿಸಿಕೊಳ್ಳಲಾಗದ ಇಂಥ ರೈತರನ್ನೇ ಹೊರಗಿಟ್ಟು ಕೈತೊಳೆದುಕೊಳ್ಳುವ ಅಪಾಯವಿದೆ. ಕಬ್ಬಿನ ಬಿಲ್ಲಿಗಾಗಿ ಕಾದು ಕುಳಿತ ರೈತರನ್ನು ಕಂಡ ಈ ಸೀಮೆಯವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮುಂದಿನ ಗುರಿ ಬೆರಕೆಯಿಲ್ಲದ ಮಾದರಿ. ಅದಕ್ಕೆ ಎರಡನೆಯ ಟ್ಯಾಂಕು ಬೇಕು, ಜೊತೆಗೆ ಇಡೀ ಟ್ಯಾಂಕರ್ ತುಂಬುವಷ್ಟು ಖರೀದಿ ಬೇಕು. ನಮ್ಮೊಬ್ಬರಿಂದ ಅದು ಆಗದು. ಸುತ್ತಲಿನ ಕೆಲವು ಬೇಕರಿ ಮತ್ತು ಚೂಡಾ-ಫರಸಾಣ ತಯಾರಕರೊಂದಿಗೆ ಸೇರಿ ತರಿಸುವ ಬಗ್ಗೆ ಮಾತುಕತೆ ನಡೆದಿದೆ. ಬೇರೆಯಾಗಿ ಇಳಿಸಿಕೊಳ್ಳುವ ವ್ಯವಸ್ಥೆಯೂ ಪ್ರಮಾಣಪತ್ರವೂ ಪ್ರತಿಯೊಬ್ಬರ ಬಳಿ ಇರಬೇಕಾಗುತ್ತದೆ. ಇಬ್ಬರು ತಮ್ಮ ಪಾಕಪಟ್ಟಿಯನ್ನು ನನಗೆ ತೋರಿಸಲು ಒಪ್ಪಿದ್ದಾರೆ.