ನೋಡದ ಕೆಲಸವನ್ನು ಬಯಸುವುದು ಹೇಗೆ? ಪ್ರೌಢಶಾಲೆಯಲ್ಲಿ ವೃತ್ತಿ ಮಾರ್ಗದರ್ಶನದ ನನ್ನ ಅನುಭವ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನನಗೆ ವೃತ್ತಿ ಮಾರ್ಗದರ್ಶನದ ಹೊಣೆಯನ್ನೂ ವಹಿಸಿದಾಗ, ಅದು ಶಾಲೆಯ ಕೊನೆಯ ವರ್ಷಕ್ಕೆ ಸೇರಿದ ಕೆಲಸವೆಂದೇ ನಾನು ಭಾವಿಸಿದ್ದೆ. ಪರೀಕ್ಷೆ ಹತ್ತಿರವಾದಾಗ ಒಂದು ಉಪನ್ಯಾಸ ಏರ್ಪಡಿಸುವುದು, ಕೋರ್ಸುಗಳ ಪಟ್ಟಿಯನ್ನು ಹಂಚುವುದು, ಆಸಕ್ತಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ತುಂಬಿಸಿಕೊಂಡು ಅದರ ಫಲಿತಾಂಶವನ್ನು ತಿಳಿಸುವುದು, ಮೊದಲ ಎರಡು ವರ್ಷ ನಾನು ಮಾಡಿದ್ದು ಇಷ್ಟೇ.

ನನ್ನ ತಿಳಿವಳಿಕೆಯನ್ನು ಬದಲಿಸಿದ್ದು ಒಬ್ಬ ವಿದ್ಯಾರ್ಥಿನಿಯ ಉತ್ತರಪತ್ರ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲಂಡ್ ವೃತ್ತಿಯ ಒಲವುಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಕೈಕೆಲಸ ಮತ್ತು ಯಂತ್ರ, ಶೋಧನೆ, ಕಲೆ, ಜನಸೇವೆ, ಮುಂದಾಳತ್ವ, ಕ್ರಮಬದ್ಧವಾದ ಕಚೇರಿ ಕೆಲಸ ಎಂದು ಅವನ್ನು ಸ್ಥೂಲವಾಗಿ ಹೇಳಬಹುದು. ಆ ಮಾದರಿಯ ಪ್ರಶ್ನಾವಳಿಯಲ್ಲಿ ಆಕೆಗೆ ಜನಸೇವೆಯಲ್ಲಿ ಹೆಚ್ಚು ಅಂಕಗಳೂ ಯಂತ್ರದ ಭಾಗದಲ್ಲಿ ಸೊನ್ನೆಯೂ ಬಂದಿದ್ದವು. ಶಿಕ್ಷಕಿಯೋ ದಾದಿಯೋ ಆಗಬಹುದೆಂದು ನಾನು ಸೂಚಿಸಿದೆ. ಕೆಲವು ತಿಂಗಳ ನಂತರ ಪ್ರಯೋಗಾಲಯದ ಕೆಟ್ಟುಹೋದ ಮೋಟಾರೊಂದನ್ನು ಬಿಚ್ಚಲು ಆಕೆಗೆ ಕೊಟ್ಟಾಗ, ಗಂಟೆ ಬಾರಿಸಿದರೂ ಆಕೆ ಅಲ್ಲಿಂದ ಏಳಲಿಲ್ಲ. "ಯಂತ್ರ ಇಷ್ಟವಿಲ್ಲ ಎಂದು ಬರೆದಿದ್ದೆಯಲ್ಲ?" ಎಂದು ಕೇಳಿದೆ. "ಆಗ ಮುಟ್ಟಿಯೇ ಇರಲಿಲ್ಲ ಸರ್" ಎಂದಳು. ಪ್ರಶ್ನಾವಳಿಯಲ್ಲಿ ದೋಷವಿರಲಿಲ್ಲ, ಅದು ಕಂಡದ್ದನ್ನಷ್ಟೇ ಅಳೆಯಬಲ್ಲದು, ಕಾಣದ್ದನ್ನು ಅಳೆಯಲಾರದು ಎಂಬುದನ್ನು ನಾನು ಯೋಚಿಸಿರಲಿಲ್ಲ.

ಆಮೇಲೆ ಓದಿದಾಗ ಇನ್ನೂ ಕೆಲವು ಸಂಗತಿಗಳು ತಿಳಿದವು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಮಕ್ಕಳು ಸುಮಾರು 6ರಿಂದ 8ರ ವಯಸ್ಸಿನಲ್ಲಿಯೇ ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ ಎಂದು ಕೆಲವನ್ನು ಕೈಬಿಡುತ್ತಾರೆ. 9ರಿಂದ 13ರ ನಡುವೆ ಸಮಾಜದಲ್ಲಿ ಯಾವುದಕ್ಕೆ ಮಾನವಿದೆ ಎಂಬ ಲೆಕ್ಕದಲ್ಲಿ ಮತ್ತಷ್ಟನ್ನು ತೆಗೆದುಹಾಕುತ್ತಾರೆ. ತಮ್ಮ ಸ್ವಂತ ಒಲವನ್ನು ಗಮನಕ್ಕೆ ತಂದುಕೊಳ್ಳುವುದು 14ರ ನಂತರ. ಅಂದರೆ ಕೊನೆಯ ವರ್ಷದಲ್ಲಿ ನಾನು ಪಟ್ಟಿ ಹಿಡಿದು ನಿಲ್ಲುವ ಹೊತ್ತಿಗೆ ಮಗುವಿನ ಮನಸ್ಸಿನ ಪಟ್ಟಿ ಆಗಲೇ ಬಹಳ ಚಿಕ್ಕದಾಗಿರುತ್ತದೆ. 15 ವರ್ಷದ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸಮೀಕ್ಷೆಯಾದ ಪಿಸಾದ 2018ರ ಮಾಹಿತಿಯಿಂದ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2020ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ತೋರಿಸುತ್ತದೆ. 41 ದೇಶಗಳ ಆ ವಯಸ್ಸಿನ ಹುಡುಗರಲ್ಲಿ ಶೇ 47ರಷ್ಟು ಮಂದಿಯೂ ಹುಡುಗಿಯರಲ್ಲಿ ಶೇ 53ರಷ್ಟು ಮಂದಿಯೂ ಮುಂದೆ ತಾವು ಮಾಡುವ ಕೆಲಸವೆಂದು ಹೆಸರಿಸಿದ್ದು ಕೇವಲ ಹತ್ತು ಉದ್ಯೋಗಗಳಲ್ಲಿ ಒಂದನ್ನು. ನನ್ನ ತರಗತಿಯಲ್ಲಿ ಚೀಟಿ ಬರೆಸಿದಾಗಲೂ ಅವೇ ವೈದ್ಯ, ಎಂಜಿನಿಯರ್, ಶಿಕ್ಷಕ, ಪೊಲೀಸ್ ಮರಳಿ ಮರಳಿ ಬಂದವು.

ಹೀಗಾಗಿ ಮೊದಲು ತೋರಿಸುವುದು, ಆಮೇಲೆ ಕೇಳುವುದು ಎಂದು ನಿರ್ಧರಿಸಿ ಎಂಟನೆಯ ತರಗತಿಯಿಂದಲೇ ಆರಂಭಿಸಿದೆ. ಔಷಧದ ಒಂದು ಗುಳಿಗೆಪಟ್ಟಿಯನ್ನು ಮೇಜಿನ ಮೇಲಿಟ್ಟು, ಇದು ನಮ್ಮ ಕೈಗೆ ಬರುವವರೆಗೆ ಯಾರು ಯಾರು ಕೆಲಸ ಮಾಡಿರಬಹುದೆಂದು ಕೇಳಿದೆ. ವೈದ್ಯ, ಅಂಗಡಿಯವ ಎಂಬ ಎರಡು ಉತ್ತರಗಳ ನಂತರ ತರಗತಿ ಮೌನವಾಯಿತು. ಒಂದು ವಾರ ಹುಡುಕಿಕೊಂಡು ಬಂದಾಗ, ಅಣುವನ್ನು ರೂಪಿಸಿದ ರಸಾಯನಶಾಸ್ತ್ರಜ್ಞ, ರೋಗಿಗಳ ಮೇಲಿನ ಪ್ರಯೋಗದ ಅಂಕಿಗಳನ್ನು ವಿಶ್ಲೇಷಿಸಿದ ಸಂಖ್ಯಾಶಾಸ್ತ್ರಜ್ಞ, ಗುಳಿಗೆ ಒತ್ತುವ ಯಂತ್ರವನ್ನು ಸುಸ್ಥಿತಿಯಲ್ಲಿಡುವ ತಂತ್ರಜ್ಞ, ಗುಣಮಟ್ಟ ಪರೀಕ್ಷಕ, ಹೊದಿಕೆಯ ವಿನ್ಯಾಸಕ, ಸೂಚನೆಗಳನ್ನು ಬೇರೆ ಭಾಷೆಗೆ ತರುವ ಅನುವಾದಕ, ಪರವಾನಗಿ ನೀಡುವ ಅಧಿಕಾರಿ, ಪೇಟೆಂಟ್ ವಕೀಲ, ಶೈತ್ಯಾಗಾರದ ವಾಹನದ ಚಾಲಕ ಎಲ್ಲರೂ ಕಪ್ಪುಹಲಗೆಯ ಮೇಲೆ ಬಂದಿದ್ದರು. ಈ ಅಭ್ಯಾಸಕ್ಕೆ ಹಣ ಬೇಕಿಲ್ಲ, ಹೊರಗಿನ ತಜ್ಞರೂ ಬೇಕಿಲ್ಲ. ನಾನು ಮಾಡಿದ್ದರಲ್ಲೆಲ್ಲ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಖಚಿತವಾಗಿ ಹೇಳಬಲ್ಲೆ.

ಶಾಲೆಗಳ ವೃತ್ತಿ ಮಾರ್ಗದರ್ಶನ ಹೇಗಿರಬೇಕೆಂದು ಇಂಗ್ಲೆಂಡಿನಲ್ಲಿ 2014ರಲ್ಲಿ ರೂಪುಗೊಂಡ, ಗ್ಯಾಟ್ಸ್‌ಬಿ ಮಾನದಂಡಗಳೆಂದು ಕರೆಯುವ ಎಂಟು ಮಾನದಂಡಗಳಲ್ಲಿ, ವಿದ್ಯಾರ್ಥಿಗಳು 11ರ ವಯಸ್ಸಿನಿಂದ ಪ್ರತಿ ವರ್ಷ ಒಮ್ಮೆಯಾದರೂ ಉದ್ಯೋಗ ರಂಗದವರೊಡನೆ ಅರ್ಥಪೂರ್ಣವಾಗಿ ಒಡನಾಡಬೇಕು ಎಂಬುದೂ ಒಂದು. ಅದರಿಂದ ಪ್ರೇರಣೆ ಪಡೆದು ದುಡಿಯುವವರನ್ನು ತರಗತಿಗೆ ಕರೆಸತೊಡಗಿದೆ. ಸಾಧನೆಯ ಕತೆ ಬೇಡ, ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಮಾಡಿದ ಕೆಲಸವನ್ನು ಹೇಳಿ, ಅದರಲ್ಲಿ ಬೇಸರದ ಭಾಗವನ್ನೂ ಬಿಡಬೇಡಿ ಎಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ತಮ್ಮ ದಿನದ ಅರ್ಧ ಭಾಗ ವರದಿ ಬರೆಯುವುದರಲ್ಲೇ ಕಳೆಯುತ್ತದೆ ಎಂದು ಒಬ್ಬ ಎಂಜಿನಿಯರ್ ಹೇಳಿದಾಗ, ಭಾಷೆಯ ಪಾಠ ತನಗೇಕೆ ಎನ್ನುತ್ತಿದ್ದ ಹುಡುಗನೊಬ್ಬ ತಲೆಯೆತ್ತಿ ನೋಡಿದ್ದು ನನಗೆ ಈಗಲೂ ನೆನಪಿದೆ.

ವೈಯಕ್ತಿಕ ಸಮಾಲೋಚನೆಗೆ ನಾನು ಬಳಸುವುದು ಬಹಳ ಹಳೆಯ ಕ್ರಮ. 1908ರಲ್ಲಿ ಬಾಸ್ಟನ್ನಿನಲ್ಲಿ ವೃತ್ತಿ ಮಾರ್ಗದರ್ಶನದ ಕೇಂದ್ರವನ್ನು ತೆರೆದ ಫ್ರಾಂಕ್ ಪಾರ್ಸನ್ಸ್, ತನ್ನನ್ನು ಅರಿಯುವುದು, ಕೆಲಸವನ್ನು ಅರಿಯುವುದು, ಇವೆರಡರ ಸಂಬಂಧವನ್ನು ವಿವೇಚಿಸುವುದು ಎಂಬ ಮೂರು ಅಂಶಗಳನ್ನು ಮುಂದಿಟ್ಟಿದ್ದರು. ವಿದ್ಯಾರ್ಥಿಯ ಪುಸ್ತಕದಲ್ಲಿ ಆ ಮೂರು ಅಂಕಣಗಳನ್ನು ಎಳೆಸುತ್ತೇನೆ, ಬರೆಯಬೇಕಾದವರು ಅವರೇ. "ಇಲ್ಲಿಯವರೆಗೆ ಕೇಳಿದ ಕೆಲಸಗಳಲ್ಲಿ ಯಾವುದರ ಬಗ್ಗೆ ಮನೆಗೆ ಹೋಗಿ ಮಾತನಾಡಿದೆ?" ಎಂಬ ಪ್ರಶ್ನೆಯಿಂದ ಆರಂಭಿಸಿದರೆ, "ನಿನಗೆ ಏನಾಗಬೇಕು?" ಎಂಬುದಕ್ಕೆ ಸಿಗದ ಉತ್ತರ ಸಿಗುತ್ತದೆ. ಹೆಚ್ಚು ಅಂಕ ಪಡೆಯುವ ಮಕ್ಕಳನ್ನು ನಾನು ಬಹುಕಾಲ ಕರೆಯಲೇ ಇಲ್ಲ, ಅವರ ದಾರಿ ಸ್ಪಷ್ಟವಿದೆ ಎಂದುಕೊಂಡಿದ್ದೆ. ಅದು ತಪ್ಪಾಗಿತ್ತು, ಅವರ ದಾರಿಯನ್ನು ಬೇರೆಯವರು ನಿಶ್ಚಯಿಸಿರುತ್ತಾರೆ, ಆದ್ದರಿಂದ ಅದು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಪೋಷಕರೊಂದಿಗಿನ ಮಾತುಕತೆಯಲ್ಲಿ ಮಕ್ಕಳ ಆಸೆಗೆ ಬಿಟ್ಟುಬಿಡಿ ಎಂಬ ಉಪದೇಶವನ್ನು ನಿಲ್ಲಿಸಿದ್ದೇನೆ. ಸಂಪಾದನೆಯ ಬಗೆಗಿನ ಅವರ ಭಯ ನ್ಯಾಯವಾದದ್ದು. ಆ ಕೋರ್ಸಿಗೆ ಎಷ್ಟು ವರ್ಷ ಬೇಕು, ಎಷ್ಟು ಖರ್ಚಾಗುತ್ತದೆ, ನಡುವೆ ಬಿಟ್ಟರೆ ಯಾವ ದಾರಿ ಉಳಿಯುತ್ತದೆ, ಈಗ ಒಂದು ವಿಷಯವನ್ನು ಕೈಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂಬ ಮಾಹಿತಿಯನ್ನು ಬರೆದು ಅವರ ಮುಂದಿಡುತ್ತೇನೆ. ಮಾಹಿತಿ ಇರುವ ಕಡೆ ವಾದ ಬಹುಮಟ್ಟಿಗೆ ತಣ್ಣಗಾಗುತ್ತದೆ.

ಪ್ರಶ್ನಾವಳಿಯನ್ನು ನಾನು ಬಿಟ್ಟಿಲ್ಲ. ಅಂಕ ಹಾಕುವ ಬದಲು ಅದನ್ನು ಮಾತಿಗೆ ಆಧಾರವಾಗಿ ಇಟ್ಟುಕೊಂಡು, ಎಂಟನೆಯ ತರಗತಿಯಲ್ಲೊಮ್ಮೆ, ಹತ್ತನೆಯ ತರಗತಿಯಲ್ಲೊಮ್ಮೆ ತುಂಬಿಸಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಯೊಂದಿಗೆ ಓದುತ್ತೇನೆ. ಇಷ್ಟ, ಇಷ್ಟವಿಲ್ಲ ಎಂಬ ಎರಡು ಮನೆಗಳ ಪಕ್ಕದಲ್ಲಿ "ನೋಡಿಲ್ಲ" ಎಂಬ ಮೂರನೆಯ ಮನೆಯನ್ನು ಸೇರಿಸಿದ್ದೇನೆ. ಎಂಟನೆಯ ತರಗತಿಯವರ ಹಾಳೆಗಳಲ್ಲಿ ಆ ಮನೆಯೇ ಹೆಚ್ಚು ತುಂಬಿರುತ್ತದೆ, ಮತ್ತು ಮುಂದಿನ ವರ್ಷ ಯಾರನ್ನು ತರಗತಿಗೆ ಕರೆಸಬೇಕೆಂಬ ಪಟ್ಟಿಯನ್ನು ನಾನು ಅದರಿಂದಲೇ ಬರೆದುಕೊಳ್ಳುತ್ತೇನೆ.