ಮಲೆನಾಡಿನ ಮನೆಯಲ್ಲಿ ಕಡಲಪಾಚಿ ಬೆಳೆಸುವ ಬಗೆ

ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ ಎಂದರೆ ನಗುವವರೇ ಹೆಚ್ಚು. ನಗಲಿ. ಶಿವಮೊಗ್ಗ, ಸಾಗರದ ಕಡೆಯಲ್ಲೂ ಈಗ ಕೆಲವರು ಸಮುದ್ರದ ಮೀನು ಸಾಕಲು ಕೈ ಹಾಕಿದ್ದಾರೆ. ಅವರಲ್ಲಿ ಹೆಚ್ಚಿನವರ ದೂರು ಒಂದೇ: ಮೀನಿನ ಹೊಲಸಿನಿಂದ ಹುಟ್ಟುವ ನೈಟ್ರೇಟ್ ಏರುತ್ತಲೇ ಇದೆ, ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ ಹಬ್ಬುತ್ತಿದೆ. ಮೀನಿಗೆ ಆಹಾರ ಹಾಕುವವರೆಗೂ ತೊಟ್ಟಿಯಲ್ಲಿ ಗೊಬ್ಬರ ಸೇರುತ್ತದೆ. ಗೊಬ್ಬರ ಇದ್ದಲ್ಲಿ ಪಾಚಿ ಬೆಳೆದೇ ತೀರುತ್ತದೆ. ಅದು ಎಲ್ಲಿ ಬೆಳೆಯಬೇಕು, ಯಾವ ಜಾತಿಯದು ಬೆಳೆಯಬೇಕು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು. ಅದಕ್ಕಾಗಿಯೇ ರೆಫ್ಯೂಜಿಯಂ.

ಅಕ್ವೇರಿಯಂನ ಅಡಿಯಲ್ಲಿ, ಸ್ಟ್ಯಾಂಡಿನೊಳಗೆ ಇಡುವ ಕೆಳತೊಟ್ಟಿಗೆ ಗಾಜಿನ ಅಡ್ಡಗೋಡೆ ಅಂಟಿಸಿ ಒಂದು ಕೋಣೆ ಮಾಡಿದರೆ ಅದೇ ರೆಫ್ಯೂಜಿಯಂ. ಮೇಲಿನ ನೀರು ಕೊಳವೆಯಲ್ಲಿ ಇಲ್ಲಿಗೆ ಇಳಿಯುತ್ತದೆ, ಪಂಪು ಅದನ್ನು ಮರಳಿ ಮೇಲೆತ್ತುತ್ತದೆ. ಮೀನುಗಳು ಅಲ್ಲಿಗೆ ಬರುವುದಿಲ್ಲವಾದ್ದರಿಂದ ಪಾಚಿಯನ್ನು ಮೇಯುವವರಿಲ್ಲ. ಪಾಚಿಯ ಸಂದಿಯಲ್ಲಿ ಕೋಪೆಪಾಡ್, ಆಂಫಿಪಾಡ್ ಎಂಬ ಪುಟ್ಟ ಜೀವಿಗಳು ನೆಮ್ಮದಿಯಾಗಿ ಸಂತತಿ ಬೆಳೆಸಿಕೊಂಡು, ಪಂಪಿನ ದಾರಿಯಲ್ಲಿ ಮೇಲೆ ಹೋಗಿ ಮೀನಿನ ಹೊಟ್ಟೆ ಸೇರುತ್ತವೆ. ಮೇಲಿನ ತೊಟ್ಟಿಯ ನೀರಿನ ಶೇಕಡಾ 10ರಿಂದ 20ರಷ್ಟು ಗಾತ್ರ ಈ ಕೋಣೆಗೆ ಸಾಕು. ನನ್ನದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಸುಮಾರು 190 ಲೀಟರ್ ಹಿಡಿಯುತ್ತದೆ. ಪಾಚಿಗೆ 30 ಲೀಟರ್ ಬಿಟ್ಟಿದ್ದೇನೆ. ಕೆಳತೊಟ್ಟಿಯನ್ನು ಮಾತ್ರ ಕಂಠಮಟ್ಟ ತುಂಬಿಸಬೇಡಿ. ಕರೆಂಟು ಹೋದ ಕೂಡಲೇ ಮೇಲಿನ ನೀರು ಇಳಿದು ಬರುತ್ತದೆ, ಮತ್ತು ಈ ಅಳತೆಯ ತೊಟ್ಟಿಯಲ್ಲಿ ಒಂದೊಂದು ಸೆಂಟಿಮೀಟರ್ ಇಳಿತಕ್ಕೂ ನಾಲ್ಕು ಲೀಟರ್ ಲೆಕ್ಕ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಹೇಳಬೇಕಾಗಿಲ್ಲ.

ಕರೆಂಟಿನ ಮಾತು ನನ್ನ ಕಸುಬಿನದು, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಪ್ಪುನೀರಿನ ಹತ್ತಿರ ಸಾದಾ ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಬಿಟ್ಟವರಿಗೆ ನಾನು ಪಾಚಿಯ ವಿಷಯ ಹೇಳಿಕೊಡುವುದೇ ಇಲ್ಲ. ಮೊದಲು, ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು, ಅಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಜೋಲುಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ವೈರಿನ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಇನ್ವರ್ಟರಿಗೆ ಮೊದಲು ನೀರು ಕಲಕುವ ಪವರ್‌ಹೆಡ್ ಸೇರಿಸಿ, ಶಕ್ತಿ ಉಳಿದರೆ ಮೇಲೆ ನೀರೆತ್ತುವ ಪಂಪು. ಪಾಚಿಯ ದೀಪ ಒಂದೆರಡು ದಿನ ಆರಿದ್ದರೂ ಏನೂ ಆಗುವುದಿಲ್ಲ. ನೀರು ನಿಂತರೆ ಮಾತ್ರ ಕತ್ತಲೆಯಲ್ಲಿ ಪಾಚಿಯೂ ಆಮ್ಲಜನಕ ಬಳಸುತ್ತದೆ, ಮೀನೂ ಬಳಸುತ್ತದೆ, ಬೆಳಗಾಗುವಷ್ಟರಲ್ಲಿ ಏದುಸಿರು.

ದೀಪಕ್ಕೆ ಸಾವಿರಗಟ್ಟಲೆ ಸುರಿಯಬೇಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 30 ವ್ಯಾಟಿನ ಬಿಳಿ ಎಲ್‌ಇಡಿ ಫ್ಲಡ್‌ಲೈಟ್, 6500 ಕೆಲ್ವಿನ್, ನೀರು ತಾಗದಂಥ ಐಪಿ65 ಕವಚದ್ದು, ನೀರಿನಿಂದ ಒಂದು ಗೇಣು ಮೇಲೆ ಕಟ್ಟಿದರೆ ಸಾಕು. ಗಿಡ ಬೆಳೆಸುವ ಗುಲಾಬಿ ಬಣ್ಣದ ದೀಪವೂ ಚೆನ್ನಾಗಿ ಬೆಳೆಸುತ್ತದೆ. ಆದರೆ ಆ ಬೆಳಕಿನಲ್ಲಿ ಪಾಚಿ ಹಸಿರೋ ಬಿಳಿಚಿದೆಯೋ ತಿಳಿಯುವುದಿಲ್ಲವಾದ್ದರಿಂದ ನನಗದು ಸೇರುವುದಿಲ್ಲ.

ಇನ್ನು ನೀರು. ನಮ್ಮ ಬಾವಿ ನೀರು ಮೆದು, ನೀರಿನಲ್ಲಿ ಕರಗಿದ ಅಂಶಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸಣ್ಣ ಅಂಕಿಯನ್ನೇ ತೋರಿಸುತ್ತದೆ, ಹಾಗಾಗಿ ನೇರವಾಗಿ ಅಕ್ವೇರಿಯಂನ ಸಮುದ್ರ ಉಪ್ಪು ಬೆರೆಸಬಹುದು ಎಂದು ಹಲವರು ವಾದಿಸುತ್ತಾರೆ. ಆ ಮೀಟರ್ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಏನಿದೆ ಎಂದು ಹೇಳುವುದಿಲ್ಲ. ಅಡಿಕೆ ತೋಟದ ಇಳಿಜಾರಿನ ಬಾವಿಯಲ್ಲಿ ಗೊಬ್ಬರದ ಅಂಶ ಇರಬಹುದು. ಅದಕ್ಕಿಂತ ಹೆದರಬೇಕಾದದ್ದು ತಾಮ್ರಕ್ಕೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೇ ತಾಮ್ರದ ಸಲ್ಫೇಟ್. ತೊಟ್ಟಿಯ ಸೀಗಡಿ, ಬಸವನಹುಳು, ಹವಳ, ಕೋಪೆಪಾಡ್‌ಗಳಿಗೆ ಅದರ ಅತಿ ಸಣ್ಣ ಅಂಶವೂ ವಿಷ, ಪಾಚಿಗೂ ಒಳ್ಳೆಯದಲ್ಲ. ಔಷಧಿ ಕಲಸಿದ ಬಕೆಟ್ಟು, ಅದನ್ನು ಎತ್ತಿದ ಚೊಂಬು, ಗೋಣಿಯನ್ನು ಮುಟ್ಟಿದ ಕೈ ಯಾವುದೂ ತೊಟ್ಟಿಯ ಹತ್ತಿರ ಬರಬಾರದು. ಉಪ್ಪುನೀರಿನ ಬಕೆಟ್ಟುಗಳಿಗೆ ನಾನು ಕೆಂಪು ಬಣ್ಣ ಬಳಿದು ಬೀಗದ ಕೋಣೆಯಲ್ಲಿಟ್ಟಿದ್ದೇನೆ, ಏಕೆಂದರೆ ಮಳೆ ಬಿಡುವು ಕೊಟ್ಟ ದಿನ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಯಾರೂ ಯಾವ ಬಕೆಟ್ಟೆಂದು ನೋಡುವುದಿಲ್ಲ. ನೀರನ್ನು ಆರ್‌ಓ ಫಿಲ್ಟರ್ ಮತ್ತು ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಎರಡರಲ್ಲೂ ಹಾಯಿಸಿ ಟಿಡಿಎಸ್ ಸೊನ್ನೆಗೆ ಇಳಿಸಿಯೇ ಉಪ್ಪು ಬೆರೆಸಿ. ಲವಣಾಂಶ ಸಾವಿರಕ್ಕೆ 35, ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಆವಿಯಾದ ನೀರಿಗೆ ಬದಲಾಗಿ ಉಪ್ಪು ಬೆರೆಸದ ಈ ಶುದ್ಧ ನೀರನ್ನೇ ಸೇರಿಸಿ, ಉಪ್ಪು ಆವಿಯಾಗುವುದಿಲ್ಲ.

ಯಾವ ಪಾಚಿ? ಹೊಸಬರಿಗೆ ಒಂದೇ ಹೆಸರು: ಕೀಟೊಮಾರ್ಫಾ, ಅಂಗಡಿಯವರ ಬಾಯಲ್ಲಿ ಚೀಟೊ. ಬೇರಿಲ್ಲ, ಎಲೆಯಿಲ್ಲ, ಎಲ್ಲಿಯೂ ಅಂಟಿಕೊಳ್ಳುವುದಿಲ್ಲ. ಹಸಿರು ಎಳೆಗಳ ಸಿಕ್ಕು, ಅಷ್ಟೇ. ಒಂದು ಎಳೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ: ಬಿದಿರಿನ ಗಿಣ್ಣುಗಳಂತೆ ಜೀವಕೋಶಗಳು ಒಂದರ ತುದಿಗೆ ಒಂದು ಸಾಲಾಗಿ ಕೂತಿರುತ್ತವೆ. ಎಳೆ ಎಲ್ಲಿ ತುಂಡಾದರೂ ಎರಡೂ ಭಾಗ ಬೆಳೆಯುತ್ತವೆ.

ಕಾಲರ್ಪಾ ಚೆಲುವೆ, ಬೇಗ ಬೆಳೆಯುತ್ತಾಳೆ, ಆದರೆ ನಂಬುವಂಥವಳಲ್ಲ. ಇಡೀ ಗಿಡವೇ ಒಂದು ಜೀವಕೋಶ. ಬೀಜಾಣು ಬಿಡುವ ಹೊತ್ತು ಬಂತೆಂದರೆ ಒಳಗಿನದೆಲ್ಲವನ್ನೂ ನೀರಿಗೆ ಕಾರಿ, ತಾನು ಪಾರದರ್ಶಕ ಸಿಪ್ಪೆಯಾಗಿ ನಿಲ್ಲುತ್ತದೆ. ತೊಟ್ಟಿ ಹಾಲಿನಂತಾಗಿ, ಹೀರಿಕೊಂಡ ಗೊಬ್ಬರವೆಲ್ಲ ಮರಳಿ ನೀರಿಗೇ. ಅದರ ಒಂದು ಜಾತಿ, ಟ್ಯಾಕ್ಸಿಫೋಲಿಯಾ, 1984ರಲ್ಲಿ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ನಿನ ತಳದಲ್ಲಿ ಬಹುದೂರ ಹಬ್ಬಿತು. ಮೊದಲ ತೊಟ್ಟಿಗೆ ಇದು ಬೇಡ.

ಆಗುಂಬೆ ಘಾಟಿ ಇಳಿದರೆ ಕಡಲೇ ಇದೆಯಲ್ಲ, ದುಡ್ಡು ಕೊಟ್ಟು ಪಾಚಿ ಏಕೆ ಎಂದು ಕೇಳುತ್ತಾರೆ. ನಮ್ಮ ಕರಾವಳಿಯ ಬಂಡೆಗಳಲ್ಲೂ ಒಂದು ಕೀಟೊಮಾರ್ಫಾ ಇದೆ. ಅದು ಅಲೆ ಬಡಿಯುವ ಕಲ್ಲಿಗೆ ಕಚ್ಚಿಕೊಂಡು ಬದುಕುವ ಜಾತಿ, ನಿಧಾನ ನೀರಿನ ಗಾಜಿನ ಕೋಣೆಗೆ ಒಗ್ಗುವುದಿಲ್ಲ. ಕೆಂಪು ಬಣ್ಣದ ಗ್ರಾಸಿಲೇರಿಯಾ ಮಾತ್ರ ಪ್ರಯೋಜನಕ್ಕೆ ಬಂದೀತು. ಸರ್ಜನ್ ಮೀನುಗಳಿಗೆ ಅದು ಒಳ್ಳೆಯ ಮೇವು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ದಡಕ್ಕೆ ತೇಲಿ ಬಂದ ತಾಜಾ ತುಂಡನ್ನಷ್ಟೇ ಆರಿಸಿಕೊಳ್ಳಿ. ಕಲ್ಲಿನ ಸಮೇತ ತರುವ ಆಸೆ ಬೇಡ. ಕಲ್ಲಿಗೆ ಹವಳ ಅಂಟಿರಬಹುದು, ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಚೀಟೊ ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತದೆ. ಚೀಲ ಬಿಚ್ಚಿದಾಗ ಕಡಲಿನ ವಾಸನೆ ಬರಬೇಕು, ಕೊಳೆತ ಮೊಟ್ಟೆಯದಲ್ಲ. ಎಳೆ ಬಿರುಸಾಗಿರಬೇಕು, ಬೆರಳಿಗೆ ಲೋಳೆಯಾಗಿ ಹತ್ತಿದರೆ ಹಿಂದಿರುಗಿಸಿ. ಬಿಳಿ ಬೇಸಿನ್ನಿನಲ್ಲಿ ತೊಟ್ಟಿಯದೇ ಉಪ್ಪುನೀರು ಹಾಕಿ, ಸಿಕ್ಕನ್ನು ಸಡಿಲಿಸಿ, ಟಾರ್ಚ್ ಹಿಡಿದು ನಿಧಾನವಾಗಿ ಜಾಲಾಡಿ. ತಳಕ್ಕೆ ಇಳಿದು ಓಡಾಡುವ ಸಣ್ಣ ಚುಕ್ಕಿಗಳು ಆಂಫಿಪಾಡ್, ಅವು ಬೇಕಾದ ಅತಿಥಿಗಳು. ಕಂದು ಬಣ್ಣದ, ಕೈ ತಾಗಿದರೆ ಮುದುಡಿಕೊಳ್ಳುವ ಪುಟ್ಟ ಹೂವಿನಂಥದ್ದು ಕಂಡರೆ ಅದು ಐಪ್ಟೇಸಿಯಾ ಎಂಬ, ತೊಟ್ಟಿ ತುಂಬ ಹಬ್ಬುವ ಪೀಡೆ; ಆ ಎಳೆಯನ್ನೇ ಕತ್ತರಿಸಿ ಎಸೆಯಿರಿ. ಹೊಳೆಯುವ ಹಸಿರು ಗುಳ್ಳೆಗಳು ವ್ಯಾಲೋನಿಯಾ ಎಂಬ ಬೇಡದ ಪಾಚಿ. ಅವನ್ನು ಒಡೆಯದೆ ತೆಗೆಯಬೇಕು.

ಮೂವತ್ತು ಲೀಟರಿನ ಕೋಣೆಗೆ ಎರಡು ಮುಷ್ಟಿ ಚೀಟೊ ಸಾಕು. ತೊಟ್ಟಿ ಪಳಗಿ, ಹೊಲಸಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಾದ ಮೇಲೆ ಬಿಡಿ. ಮುದ್ದೆ ನಿಧಾನವಾಗಿ ಉರುಳುವಷ್ಟು ನೀರಿನ ಓಟ ಇರಲಿ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಗಿನ ಪದರ ಬೆಳಕಿಲ್ಲದೆ ಕೊಳೆಯುತ್ತದೆ. ಮೊದಲ ಒಂದೆರಡು ವಾರ ಏನೂ ಬೆಳೆಯದಿದ್ದರೆ ಗಾಬರಿಯಾಗಬೇಡಿ. ಎಳೆಗಳ ನಡುವೆ ಗಾಳಿಗುಳ್ಳೆ ಸಿಕ್ಕಿ ಮುದ್ದೆ ತೇಲಲು ತೊಡಗಿತೆಂದರೆ ಅದು ಕೆಲಸ ಶುರುಮಾಡಿದೆ. ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1ರ ನಡುವೆ ಇದ್ದರೆ ಹದ. ಎರಡರಲ್ಲಿ ಒಂದು ಸೊನ್ನೆಯಾದರೂ ಪಾಚಿ ಉಪವಾಸ ಬಿದ್ದು ಬಿಳಿಚುತ್ತದೆ. ಆಗ ತೋಟದ ಗೊಬ್ಬರ ಹಾಕಲು ಹೋಗಬೇಡಿ, ಮೀನಿಗೆ ಒಂದು ಚಿಟಿಕೆ ಆಹಾರ ಹೆಚ್ಚಿಸಿ.

ದೀಪವನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ಟೈಮರಿನಲ್ಲಿ ಉರಿಸಿ. ಮೇಲಿನ ತೊಟ್ಟಿ ಕತ್ತಲಾದಾಗ ನೀರಿನ ಪಿಎಚ್ ಇಳಿಯುತ್ತದೆ. ಕೆಳಗೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುತ್ತಿದ್ದರೆ ಆ ಇಳಿತ ಕಡಿಮೆ. ಆಷಾಢದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಬಚ್ಚಲೊಲೆ ಹೊತ್ತಿಸಿಟ್ಟ ಮನೆಯಲ್ಲಿ ಇದು ಇನ್ನೂ ಮುಖ್ಯ. "ಮೀನಿಗಿಂತ ಕಸಕ್ಕೇ ಹೆಚ್ಚು ಕರೆಂಟು" ಎಂದು ಅಮ್ಮ ಗೊಣಗುತ್ತಾರೆ. ಬಿಲ್ಲು ನೋಡಿದರೆ ಹೀಟರಿನದೇ ಹೆಚ್ಚು: ಮಳೆಗಾಲದಲ್ಲಿ ನೀರನ್ನು 25 ಡಿಗ್ರಿಯಲ್ಲಿ ನಿಲ್ಲಿಸಲು ಅದು ಬೇಕೇ ಬೇಕು. ಏಪ್ರಿಲ್‌ನಲ್ಲಿ ಅದರ ಬದಲು ನೀರಿನ ಮೇಲೆ ಫ್ಯಾನು.

ಕೊಯ್ಲು ಮಾಡದಿದ್ದರೆ ಇಷ್ಟೆಲ್ಲ ವ್ಯರ್ಥ. ಪಾಚಿ ಹೀರಿದ ನೈಟ್ರೇಟ್ ಪಾಚಿಯೊಳಗೇ ಇದೆ. ನೀವು ಹೊರಗೆ ತೆಗೆದಷ್ಟೇ ತೊಟ್ಟಿಯಿಂದ ಹೋದದ್ದು. ಕೋಣೆ ತುಂಬುತ್ತಾ ಬಂದಾಗ ಮೂರನೇ ಒಂದು ಭಾಗ ಕಿತ್ತು, ಅದೇ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಜೀವಿಗಳನ್ನು ಉದುರಿಸಿ, ಆ ನೀರನ್ನು ಮರಳಿ ತೊಟ್ಟಿಗೆ ಸುರಿಯಿರಿ. ಉಳಿದ ಮುದ್ದೆಯನ್ನು ತಲೆಕೆಳಗು ಮಾಡಿ ಬಿಡಿ. ಕಿತ್ತದ್ದನ್ನು ಹಳ್ಳಕ್ಕೋ ತುಂಗೆಗೋ ಎಸೆಯಬೇಡಿ. ಒಂದು ದಿನ ಸಿಹಿನೀರಿನಲ್ಲಿ ನೆನೆಸಿ, ಹಿಂಡಿ, ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಉಪ್ಪು ಬಿಡಿಸದೆ ಅಡಿಕೆ ಬುಡಕ್ಕೆ ಮಾತ್ರ ಹಾಕಬಾರದು.

ಕೊಯ್ಲಿನ ದಿನವೇ ಪಂಪನ್ನೂ ಬಿಚ್ಚಿ. ಉದುರಿದ ಎಳೆಗಳು ನೀರಿನೊಂದಿಗೆ ಸಾಗಿ, ನೀರು ತಳ್ಳುವ ಚಕ್ರವಾದ ಇಂಪೆಲ್ಲರಿನ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ; ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬಿಡಿಸಬೇಕು. ಪಂಪಿನ ಬಾಯಿಗೆ ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಕಟ್ಟಿದರೆ ಈ ಕಾಟ ಅರ್ಧಕ್ಕರ್ಧ ತಪ್ಪುತ್ತದೆ, ಆದರೆ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಬೇಕು. ತಂತಿಯ ಜಾಲರಿ ಬೇಡ, ಉಪ್ಪುನೀರಿನಲ್ಲಿ ಅದು ತುಕ್ಕು ಹಿಡಿಯುತ್ತದೆ.